ಹೆಂಗಸರೂರಿಗೆ ಯಾವ ಬಸ್ಸು?

ಆ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಹೂವು ಏರಿಸುತ್ತಿದ್ದೆವು. ಕಾದಂಬರಿಗೆ ಯಾರಾದರೂ ಹೂವು ಏರಿಸುತ್ತಾರೇನು ಎಂದು ಓದಿಕೊಂಡವರು ನಗುತ್ತಾರೆ. ನಗಲಿ. ಹೂವು ಏರಿಸಿದ್ದರಿಂದಲೇ ನಮ್ಮ ಓಣಿಯಲ್ಲಿ ಆದದ್ದು ಆಯಿತು. ಸುಮ್ಮನೆ ಓದಿ ಮಡಚಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಪುಸ್ತಕ ನನ್ನ ತವರಾದ ಲಕ್ಷ್ಮೇಶ್ವರದ್ದು. ದೊಡ್ಡವ್ವನ ಟ್ರಂಕಿನಲ್ಲಿ ಇರುತ್ತಿತ್ತು. ಎಪ್ಪತ್ತರ ದಶಕದ ಮೊದಲಿಗೆ ನಾನು ಮದುವೆಯಾಗಿ ಬೆಟಗೇರಿಗೆ ಹೊರಟಾಗ ದೊಡ್ಡವ್ವ ಅದನ್ನು ನನ್ನ ಸೀರೆಗಳ ನಡುವೆ ತುರುಕಿ, "ಬ್ಯಾಸರಾದಾಗ ಓದು. ಸಿಟ್ಟು ಬಂದಾಗಂತೂ ತಪ್ಪದ ಓದು" ಎಂದಿದ್ದಳು. ರಟ್ಟು ಹರಿದು ಹೋಗಿತ್ತು. ಎರಡು ಮಹಾಯುದ್ಧಗಳ ನಡುವಿನ ಯಾವುದೋ ವರ್ಷ ಗದಗಿನಲ್ಲೇ ಅಚ್ಚಾಗಿತ್ತು. ಬರೆದವರ ಹೆಸರು ಇರಬೇಕಾದ ಜಾಗದಲ್ಲಿ ‘ಒಬ್ಬ ಸೋದರಿ’ ಎಂದಷ್ಟೇ ಇತ್ತು. ಶಿರಹಟ್ಟಿ ಕಡೆಯ ಕನ್ನಡ ಶಾಲೆಯ ಅಕ್ಕೋರು ಒಬ್ಬರು ಬರೆದದ್ದೆಂದು ದೊಡ್ಡವ್ವ ಹೇಳುತ್ತಿದ್ದಳು. ದೊಡ್ಡಪ್ಪ ಒಪ್ಪುತ್ತಿರಲಿಲ್ಲ. ಯಾರೋ ಗಂಡಸೇ ಬರೆದು ಹೆಸರು ಮುಚ್ಚಿಟ್ಟಿದ್ದಾನೆ, ಹೆಂಗಸಿಗೆ ಇಷ್ಟು ಧೈರ್ಯ ಎಲ್ಲಿಂದ ಬರಬೇಕು ಎನ್ನುತ್ತಿದ್ದ. ಒಮ್ಮೆ ಊಟಕ್ಕೆ ಬಡಿಸುತ್ತಿದ್ದ ದೊಡ್ಡವ್ವ ಸೌಟು ಹಿಡಿದಲ್ಲೇ ನಿಂತು ಅವನಿಗೆ ಹೇಳಿದ್ದು ನನಗೆ ನೆನಪಿದೆ: "ಗಂಡಸು ಬರದಿದ್ರ, ಹಸಿ ಕಟಗಿ ಹೊಗಿ ಕಣ್ಣಿಗೆ ಹ್ಯಾಂಗ ಹತ್ತತೈತಿ ಅನ್ನೂದು ಅದರಾಗ ಬರ್ತಿದ್ದಿಲ್ಲ. ಉಣ್ರಿ ಸುಮ್ನ."

ಕಥೆ ಇಷ್ಟೇ. ಗಂಡ ಸತ್ತ ಒಬ್ಬ ಹುಡುಗಿ ಮನೆ ಬಿಟ್ಟು ಓಡುತ್ತಾಳೆ. ಮುಂಡರಗಿ ದಾಟುತ್ತಾಳೆ, ಕಪ್ಪತಗುಡ್ಡವನ್ನು ಬಲಕ್ಕೆ ಬಿಟ್ಟು, ಹೊಳೆಯ ಗಾಳಿ ಮುಖಕ್ಕೆ ತಾಗುವವರೆಗೆ ನಡೆಯುತ್ತಾಳೆ. ಅಲ್ಲೊಂದು ಊರು. ಆ ಊರನ್ನು ನಡೆಸುವವರೆಲ್ಲ ಹೆಂಗಸರು. ನೇಗಿಲು ಹೊಡೆಯುವವರು, ಮಗ್ಗಕ್ಕೆ ಕೂರುವವರು, ನ್ಯಾಯ ಹೇಳುವವರು, ಶಾಲೆಯ ಗಂಟೆ ಬಾರಿಸುವವರು, ಎಲ್ಲರೂ. ಅಡಿಗೆ ಇಡೀ ಊರಿಗೆ ಒಂದೇ ಒಲೆಯ ಮೇಲೆ ಆಗುತ್ತದೆ. ಗಂಡಸರಿಗೆ ಹೊಳೆಯ ಆಚೆ ದಂಡೆ. ಸಂತೆಯ ದಿನ ಕೇಳಿಕೊಂಡು ಬಂದು, ಹೊತ್ತು ಮುಳುಗುವುದರೊಳಗೆ ಹೋಗಬೇಕು. ಓಡಿಬಂದ ಹುಡುಗಿಯನ್ನು ಅಗಸೆಯಲ್ಲಿ ತಡೆದವರು ಯಾರ ಮಗಳು, ಯಾರ ಹೆಂಡತಿ ಎಂದು ಕೇಳುವುದಿಲ್ಲ. ನಿನಗೆ ಯಾವ ಕೆಲಸ ಬರುತ್ತದೆ ಎಂದು ಕೇಳುತ್ತಾರೆ.

ಈಗ ಆ ಪುರಾಣದ ಮಾತು.

ಶ್ರಾವಣ ಬಂತೆಂದರೆ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಪುರಾಣ. ಅತ್ತೆಯವರು ಮಾವ ಹೋದ ಮೇಲೂ ಬಿಡದೆ ನಡೆಸಿಕೊಂಡು ಬಂದದ್ದು. ಅವರ ಕಣ್ಣು ಮಂಜಾದ ಮೇಲೆ ಓದುವುದು ನನ್ನ ಪಾಲಿಗೆ ಬಂತು. ಮಡಚುವ ಮರದ ಪೀಠ, ಅದರ ಮೇಲೆ ಪುಸ್ತಕ, ಪುಸ್ತಕಕ್ಕೆ ವಿಭೂತಿ, ಪತ್ರೆ, ಒಂದೆರಡು ಹೂವು, ಊದಿನಕಡ್ಡಿ. ಭಾಂಡೆ ತಿಕ್ಕಿ ಮುಗಿಸಿದ ಹೆಂಗಸರು ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಕೂರುತ್ತಿದ್ದರು. ತಿಂಗಳು ಮುಗಿದ ದಿನ ಮಂಗಳ. ಅವತ್ತು ಗೋಧಿ ಹುಗ್ಗಿ.

ಅದೊಂದು ವರ್ಷ, ಎಂಬತ್ತರ ಆಚೀಚೆ, ಪುರಾಣದ ಪುಸ್ತಕವನ್ನು ಹುಲಕೋಟಿಯಲ್ಲಿದ್ದ ನನ್ನ ನಾದಿನಿ ಒಯ್ದವಳು ತರಲೇ ಇಲ್ಲ. ಶ್ರಾವಣದ ಮೊದಲ ಸೋಮವಾರ ಪೀಠ ಖಾಲಿ. ಅತ್ತೆಯವರು ಸಂಕಟಪಟ್ಟರು.

"ನಿನ್ನ ಟ್ರಂಕಿನ್ಯಾಗ ಒಂದು ದಪ್ಪ ಪುಸ್ತಕ ಐತಲ್ಲ, ಅದನ್ನ ತಗೊಂಬಾ."

"ಅತ್ತಿಯವರ, ಅದು ಪುರಾಣ ಅಲ್ರಿ."

"ಒಳ್ಳೇವ್ರ ಸುದ್ದಿ ಐತಿಲ್ಲೋ ಅದರಾಗ?"

"ಐತ್ರಿ."

"ಕೆಟ್ಟವರಿಗೆ ಕಡೀಕ ಬುದ್ಧಿ ಬರತೈತಿಲ್ಲೋ?"

"ಬರತೈತ್ರಿ."

"ಮತ್ತ ಪುರಾಣಕ್ಕ ಇನ್ನೇನ್ ಬೇಕವಾ? ತಾ."

ಹೀಗೆ ಆ ಹೆಸರಿಲ್ಲದ ಸೋದರಿ ನಮ್ಮ ಪೀಠವೇರಿದಳು. ವಿಭೂತಿ ಹಚ್ಚಿಸಿಕೊಂಡಳು. ನಾನು ಪುರಾಣದ ರಾಗದಲ್ಲೇ ಓದಿದೆ. ಬೇರೆ ರಾಗ ನನಗೆ ಬರುತ್ತಲೂ ಇರಲಿಲ್ಲ.

ಕೇಳಲು ಬರುತ್ತಿದ್ದವರಲ್ಲಿ ಮೂವರ ಮಾತು ಹೇಳಿದರೆ ಸಾಕು. ಒಬ್ಬಾಕೆ ಕಾಯಿಪಲ್ಲೆ ಮಾರುವಾಕೆ, ಬುಟ್ಟಿ ನಮ್ಮ ಕಟ್ಟೆಯ ಮೇಲೆ ಇಳಿಸಿ ಬರುತ್ತಿದ್ದಳು. ಇನ್ನೊಬ್ಬಾಕೆ ಎದುರು ಮನೆಯ ಕಿರಾಣಿ ಅಂಗಡಿಯವರ ಹೆಂಡತಿ. ಮೂರನೆಯವಳು ಹಿಂದಿನ ಓಣಿಯ ನೇಕಾರರ ಮನೆಯ ಸೊಸೆ, ಗಂಡ ಸತ್ತು ಎರಡು ವರ್ಷವಾದ ಎಳೆಯ ಹುಡುಗಿ. ಮೊದಲಿನ ಇಬ್ಬರು ಪುಟಕ್ಕೊಂದು ಪ್ರಶ್ನೆ ಕೇಳುತ್ತಿದ್ದರು. ಆ ಹುಡುಗಿ ಕಂಬಕ್ಕೆ ಒರಗಿ ಸುಮ್ಮನೆ ಕೇಳುತ್ತಿದ್ದಳು.

"ಅಲ್ಲವಾ, ಊರಿಗೆಲ್ಲ ಒಂದ ಒಲಿ ಅಂದ್ರ, ಅಷ್ಟು ಮಂದೀದು ಭಾಂಡಿ ಯಾರು ತಿಕ್ಕತಾರ?" ಎಂದು ಕಾಯಿಪಲ್ಲೆಯಾಕೆ ಕೇಳಿದಳು.

ನಾನು ಹಿಂದೆ ಮುಂದೆ ಪುಟ ತಿರುವಿದೆ. "ಅದನ್ನ ಬರದಿಲ್ಲ ಬೇ."

"ಹಾಂಗಾದ್ರ ಬರದಾಕಿ ಮನ್ಯಾಗ ಕೆಲಸದಾಕಿ ಇದ್ಲು ತಗೋ."

ಎಲ್ಲರೂ ನಕ್ಕರು. ಕಿರಾಣಿಯವರ ಹೆಂಡತಿಗೆ ಹೊಳೆಯಾಚೆಯ ಗಂಡಸರದೇ ಚಿಂತೆ. "ಪಾಪ, ಅವರಿಗೆ ಊಟಕ್ಕೇನ್ ಮಾಡ್ತಾರ ಅಂತೀನಿ."

"ಯಾಕ, ಕೈ ಇಲ್ಲೇನ್ ಅವರಿಗೆ? ಒಂದು ವಾರ ಹಸಿ ರೊಟ್ಟಿ ತಿಂದ್ರ ಬೇಯಿಸೂದು ತಾನ ಕಲೀತಾರ," ಎಂದರು ಅತ್ತೆಯವರು, ಕಣ್ಣು ಮುಚ್ಚಿಕೊಂಡೇ.

ಬಹಳ ವರ್ಷದ ಮೇಲೆ ಗದಗಿನ ಕಾಲೇಜಿನಲ್ಲಿ ಒಂದು ಭಾಷಣ ಕೇಳಿದೆ. ಆ ಎರಡು ಯುದ್ಧಗಳ ನಡುವಿನ ದಿನಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ, ಕಡಲಾಚೆಯ ದೇಶಗಳಲ್ಲೂ, ಹೆಂಗಸರು ಇಂಥ ಊರುಗಳನ್ನು ಬರೆದಿದ್ದರಂತೆ. ಕೆಲವರು ಅದನ್ನು ನಡುಗಡ್ಡೆಯಲ್ಲಿ ಇಟ್ಟರಂತೆ, ಕೆಲವರು ಯಾರೂ ಹತ್ತದ ಬೆಟ್ಟದ ಮೇಲೆ, ಕೆಲವರು ನೂರಾರು ವರ್ಷದ ಆಚೆ. ಕೇಳುತ್ತ ಕೇಳುತ್ತ ನನಗೆ ನಮ್ಮ ಪುಸ್ತಕದ ಸೋದರಿಯ ಮೇಲೆ ಅಭಿಮಾನ ಬಂತು. ಅವಳು ಊರನ್ನು ಅಷ್ಟು ದೂರ ಒಯ್ಯಲಿಲ್ಲ. ಶೇಂಗಾ ಗಾಡಿ ಬರುವ ದಾರಿಯಲ್ಲಿ ಇಟ್ಟಳು. ಭಾಷಣ ಮಾಡಿದ ಪ್ರಾಧ್ಯಾಪಕರು ಕೊನೆಗೆ, ಇವೆಲ್ಲ ಮನೆಯಲ್ಲಿ ಕೂತ ಹೆಂಗಸರ ಹಗಲುಗನಸು, ಇವುಗಳಿಂದ ಲೋಕದಲ್ಲಿ ಒಂದು ಕಡ್ಡಿಯೂ ಅಲ್ಲಾಡಲಿಲ್ಲ ಎಂದರು. ನಾನು ಎದ್ದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ವಂದನಾರ್ಪಣೆ ಸುರುವಾಯಿತು. ಅಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಡ್ಡಿಯಲ್ಲ ಸರ್, ಒಂದು ಇಡೀ ಮಗ್ಗ ಅಲ್ಲಾಡಿತು. ಎದ್ದು ನಡೆದು ಬಂತು.

ಆ ನೇಕಾರರ ಹುಡುಗಿಯ ಸಂಕಟ ಓಣಿಗೆಲ್ಲ ಗೊತ್ತಿತ್ತು. ಅವಳ ಮನೆಯಲ್ಲಿ ಹೆಂಗಸರು ಬೆಳಗಾದರೆ ಕಂಡಿಕೆ ಸುತ್ತುತ್ತಿದ್ದರು, ಅಂದರೆ ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವ ಕೆಲಸ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವವರು ಗಂಡಸರೇ. ಹೆಂಗಸು ಕುಣಿಗೆ ಇಳಿಯಬಾರದು ಎಂಬುದು ಆ ಮನೆಯ ಕಟ್ಟಳೆ. ಆದರೆ ಗಂಡ ಹಾಸಿಗೆ ಹಿಡಿದಾಗ ಅರ್ಧಕ್ಕೆ ನಿಂತಿದ್ದ ಸೀರೆಯನ್ನು, ಬಾಗಿಲು ಮುಂದೆ ಮಾಡಿಕೊಂಡು, ಅವನು ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದಂತೆ ಇವಳು ನೇಯ್ದು ಮುಗಿಸಿದ್ದಳು. ಅವನು ಸತ್ತ ಮೇಲೆ ಅದು ಹೊರಬಿತ್ತು. ಅವಳ ಭಾವ, ಗಂಡನ ಅಣ್ಣ, ಮಗ್ಗಕ್ಕೆ ಗೋಮೂತ್ರ ಚಿಮುಕಿಸಿ ಗೋಣಿತಟ್ಟು ಮುಚ್ಚಿದ. ಈಗ ಶ್ರಾವಣ ಕಳೆದ ಮೇಲೆ ಅದನ್ನು ತನ್ನ ಹೆಂಡತಿಯ ತಮ್ಮನಿಗೆ ಕೊಡುವವನಿದ್ದ. ನನ್ನ ಗಂಡನ ಮಗ್ಗ, ನಾನೇ ನೇಯುತ್ತೇನೆ ಎಂದು ಅವಳು ಕೇಳಿದ್ದಳು. "ನಾಳಿ ಮೀಸಿನೂ ಕೇಳ್ತಿ," ಎಂದು ಅವನು ನಕ್ಕಿದ್ದನಂತೆ.

ಮಂಗಳದ ದಿನ ಪುಸ್ತಕಕ್ಕೆ ಆರತಿ ಬೆಳಗಿದೆವು. ನಾನು ಹುಗ್ಗಿ ಬಡಿಸುತ್ತ ಬಂದಾಗ ಅವಳು ತಿಂಗಳಿಗೆ ಮೊದಲ ಬಾರಿ ಬಾಯಿ ತೆರೆದಳು.

"ಅಕ್ಕಾರ, ಆ ಊರಾಗ ಲಾಳಿ ಅವರ ಕೊಡ್ತಾರೋ, ನಾವ ಒಯ್ಯಬೇಕೋ?"

"ಒಯ್ದ್ರ ಚಲೋ ನೋಡು ತಂಗಿ, ಕೈಗೆ ರೂಢಿ ಇರತೈತಿ," ಎಂದೆ ನಾನು, ಚೇಷ್ಟೆಗೆ ಚೇಷ್ಟೆ ಎಂದು.

ಅವಳು ಚೇಷ್ಟೆ ಮಾಡಿರಲಿಲ್ಲ. ಮಾಡುವುದಾದರೂ ಹೇಗೆ? ಪೀಠದ ಮೇಲೆ ಹೂವು ಏರಿಸಿ ಓದಿದ್ದರಲ್ಲಿ ಬರುವ ಊರುಗಳು ಇರುವ ಊರುಗಳೇ. ಅಲ್ಲಿಗೆ ಹೋಗಿ ಬಂದವರು ಸಿಗುತ್ತಾರೆ, ಬಸ್ಸು ಹೋಗುತ್ತದೆ, ಬೂದಿ ಬಂಡಾರ ತರುತ್ತಾರೆ. ಮುಂಡರಗಿ ಇದೆ, ಕಪ್ಪತಗುಡ್ಡ ನಮ್ಮ ಮಾಳಿಗೆ ಹತ್ತಿದರೆ ಕಾಣುತ್ತದೆ, ಹೊಳೆಯೂ ಇದೆ. ನಡುವಿನ ಆ ಒಂದು ಊರು ಮಾತ್ರ ಸುಳ್ಳು ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಮರುದಿನ ಬೆಳಗ್ಗೆ ಕಾಯಿಪಲ್ಲೆಯಾಕೆ ಬುಟ್ಟಿ ಇಳಿಸುವ ಮೊದಲೇ ಕೂಗಿದಳು. "ಯಕ್ಕಾ, ಆ ನೇಕಾರ ಹುಡುಗಿ ಗಂಟು ಹಿಡಕೊಂಡು ಗದಗ ಸ್ಟ್ಯಾಂಡಿನ್ಯಾಗ ನಿಂತಿದ್ಲು. ಹೆಂಗಸರೂರಿಗೆ ಯಾವ ಬಸ್ಸು ಹೊಕ್ಕೈತಿ ಅಂತ ಕಂಡಕ್ಟರನ್ನ ಕೇಳಾಕತ್ತಿದ್ಲು. ಅಂವ ನಕ್ಕೋತ ಮುಂಡರಗಿ ಬಸ್ಸಿನ್ಯಾಗ ಹತ್ತಿಸಿದ. ನಾ ಕೂಗೂದ್ರೊಳಗ ಬಸ್ಸು ಹೋತು!"

ನನ್ನ ಗಂಡ ಹತ್ತಿ ಮಾರ್ಕೆಟ್ಟಿಗೆ ಕೆಲಸಕ್ಕೆ ಹೊರಟಿದ್ದರು. "ಓದ್ರಿ, ಇನ್ನೂ ಓದ್ರಿ ಕಾದಂಬರಿ," ಎಂದು ಚಪ್ಪಲಿ ಮೆಟ್ಟಿದರು. ಅತ್ತೆಯವರು ಆಗಲೇ ಸೀರೆ ಬದಲಿಸಲು ಒಳಗೆ ಹೋಗಿದ್ದರು. ಮುಂದಿನ ಬಸ್ಸಿಗೆ ನಾವಿಬ್ಬರೂ ಹೊರಟೆವು. ದಾರಿಯುದ್ದ ಬಲಗಡೆ ಗುಡ್ಡ ಬರುತ್ತಿತ್ತು. ಅತ್ತೆಯವರು ಮಂಜು ಕಣ್ಣಲ್ಲಿ ಅದನ್ನೇ ನೋಡುತ್ತ ಕೂತರು.

ಮುಂಡರಗಿ ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಅವಳು ಸಿಕ್ಕಳು. ಕಾಲು ಮೊಣಕಾಲಿನ ತನಕ ಧೂಳು. ಗುಡ್ಡದ ಕಡೆ ಒಂದು ಹರದಾರಿ ನಡೆದು, ಕುರಿ ಕಾಯುವವರನ್ನು ಕೇಳಿ, ತಿರುಗಿ ಬಂದಿದ್ದಳು. ಅಂಥ ಊರು ಈ ಮಗ್ಗುಲಿಗಿಲ್ಲ, ಶಿರಹಟ್ಟಿ ಮಗ್ಗುಲಿಗೆ ಇರಬೇಕು ಎಂದು ಯಾವನೋ ಹೇಳಿದ್ದ. ಶಿರಹಟ್ಟಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ ಹೆಂಗಸು ನಮ್ಮನ್ನು ನೋಡಿ, "ನಿಮ್ಮ ಪೈಕಿಯೇನ್ರಿ ಇಕಿ? ಚಲೋ ಹುಡುಗಿ. ಆ ಊರು ಸಿಕ್ಕರ ನನಗೂ ತಿಳಸವಾ, ಈ ಬಾಣಲಿ ಹಂಗ ಹೊತಗೊಂಡು ಬರ್ತೀನಿ ಅಂತ ಹೇಳೀನಿ," ಎಂದಳು. ಅವಳು ನಗುತ್ತಿರಲಿಲ್ಲ.

ನಾನು ಹುಡುಗಿಯ ಪಕ್ಕ ಕೂತೆ. "ತಂಗಿ, ಆ ಊರು ಇಲ್ಲವಾ. ಅದು ಕಾದಂಬರಿ. ಬರದಾಕಿ ತನ್ನ ಮನಸಿಗೆ ಬಂದಂಗ ಬರದಾಳ."

ಅವಳು ನನ್ನ ಮುಖ ನೋಡಿದಳು. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳಿಗೆ ಬಂದದ್ದು ಸಿಟ್ಟು.

"ಮತ್ತ ಹೂವು ಯಾಕ ಏರಿಸಿದ್ರಿ ಅಕ್ಕಾರ? ಆರತಿ ಯಾಕ ಮಾಡಿದ್ರಿ? ಒಂದು ತಿಂಗಳು ಕೈ ಮುಗದು ಕೇಳೀನಿ ನಾ. ಸುಳ್ಳಿಗೆ ಕೈ ಮುಗಸಿದ್ರೇನು ನನ್ನ ಕಡಿಂದ?"

ಅತ್ತೆಯವರು, "ಏಳವಾ, ಬಸ್ಸು ಬಂತು," ಎಂದರು. "ಯಾವ ಬಸ್ಸು?" ಎಂದಳು ಅವಳು. "ಗದಗಿಂದು," ಎಂದು ಅವಳ ಗಂಟನ್ನು ತಾವೇ ಎತ್ತಿಕೊಂಡರು. ಗಂಟಿನಿಂದ ಲಾಳಿಯ ಹಿತ್ತಾಳೆ ಮೂತಿ ಹೊರಗೆ ಇಣುಕುತ್ತಿತ್ತು.

ಬೆಟಗೇರಿಗೆ ಬಂದಾಗ ಮಧ್ಯಾಹ್ನ. ಅವಳ ಮನೆಯ ಬಾಗಿಲು ಹಾಕಿತ್ತು. ಭಾವ ಒಳಗಿನಿಂದಲೇ ಕೂಗಿದ: "ಹೋದಾಕಿ ಹೋದ್ಲು. ಬಸ್ಸು ಹತ್ತಿ ಊರೂರು ತಿರಗೂ ಹೆಂಗಸಿಗೆ ಈ ಮನ್ಯಾಗ ಜಾಗಿಲ್ಲ." ಓಣಿಯ ಜನ ಕೂಡಿದರು. ಅತ್ತೆಯವರು ಅವಳ ಕೈ ಹಿಡಿದು ನಮ್ಮ ಮನೆಗೆ ಕರೆತಂದರು, ಕೈಕಾಲಿಗೆ ನೀರು ಕೊಟ್ಟರು, ರೊಟ್ಟಿ ಬಡಿಸಿದರು. ಅವಳು ಉಂಡು ಕೈ ತೊಳೆದ ಮೇಲೆ ಪಡಸಾಲೆಯ ನಡುವೆ, ಪೀಠ ಇಡುತ್ತಿದ್ದ ಜಾಗದಲ್ಲಿ ನಿಂತು ನನಗೆ ಹೇಳಿದರು:

"ಇಲ್ಲಿ ಕುಣಿ ತೋಡೂದು."

ನನಗೆ ತಿಳಿಯಲಿಲ್ಲ.

"ಮಗ್ಗದ ಕುಣಿ ಬೇ. ಪೀಠದ ಮ್ಯಾಲೆ ಇಟ್ಟು ಓದೀವಿ, ಮಂಗಳ ಮಾಡೀವಿ, ಪ್ರಸಾದ ಉಂಡೀವಿ. ಈಗ ಸುಳ್ಳು ಅಂದ್ರ ಹ್ಯಾಂಗ? ಇಡೀ ಊರು ಕಟ್ಟೂ ತಾಕತ್ತು ನನಗಿಲ್ಲ. ಒಂದು ಮಗ್ಗದ ಜಾಗಾ ಐತಿ. ಅಷ್ಟರ ಖರೆ ಆಗ್ಲಿ."

ನಮ್ಮ ಅತ್ತೆಯವರು ಯಾವ ಸುಧಾರಣೆಯ ಮಾತೂ ಆಡಿದವರಲ್ಲ. ಸೋಮವಾರ ಉಪವಾಸ ತಪ್ಪಿಸಿದವರಲ್ಲ. ಸೆರಗು ತಲೆಯಿಂದ ಜಾರಿದರೆ ನನ್ನನ್ನು ಬೈದವರೇ. ಅದನ್ನೆಲ್ಲ ಬಿಟ್ಟು ಅವರು ಆ ಮಾತು ಆಡಲಿಲ್ಲ. ಅದನ್ನೆಲ್ಲ ಇಟ್ಟುಕೊಂಡೇ ಆಡಿದರು. ಪ್ರಾಧ್ಯಾಪಕರಿಗೆ ಇದನ್ನು ಹೇಗೆ ತಿಳಿಸಿ ಹೇಳಲಿ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಓದಿದವರು ಕಾದಂಬರಿಯನ್ನು ಕಾದಂಬರಿ ಎಂದು ಓದಿ ಮರೆಯುತ್ತಾರೆ. ಇವರು ಮಾತು ಕೊಟ್ಟವರಂತೆ ಕೇಳಿಸಿಕೊಂಡಿದ್ದರು.

ಮುಂದಿನ ಸಂತೆಯ ದಿನ ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿ ನಾವು ಮಗ್ಗ ತರಲು ಹೋದೆವು. ಭಾವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಜಗಳವಾಗುತ್ತದೆ ಎಂದುಕೊಂಡಿದ್ದೆ. ಆಕೆ ನಮ್ಮನ್ನೆಲ್ಲ ಒಂದು ಸಲ ನೋಡಿ, "ನಾ ಹಿತ್ತಲದಾಗ ಅರಿವಿ ಒಗಿಯಾಕ ಹೊಂಟೀನಿ, ನನಗೇನೂ ಕಂಡಿಲ್ಲ," ಎಂದು ಹಿಂದೆ ಹೋದಳು. ಒಗೆಯುವ ಸದ್ದು ಬೇಕಂತಲೇ ಜೋರಾಗಿ ಕೇಳಿಸಿತು.

ಹುಡುಗಿ ಹಗ್ಗ ಬಿಚ್ಚಿದಳು, ಬೆಣೆ ಕಿತ್ತಳು. ಒಂದೊಂದೇ ಭಾಗ ಬಿಡಿಸಿ ನಮ್ಮ ಕೈಗೆ ಕೊಟ್ಟಳು. ಉದ್ದನೆಯ ತೊಲೆಯನ್ನು ನಾನೂ ಕಿರಾಣಿಯವರ ಹೆಂಡತಿಯೂ ಹೆಗಲ ಮೇಲೆ ಹೊತ್ತೆವು. ಆಕೆ ಜನ್ಮದಲ್ಲಿ ತುಂಬಿದ ಕೊಡವೊಂದನ್ನು ಬಿಟ್ಟು ಬೇರೆ ಭಾರ ಹೊತ್ತವಳಲ್ಲ, "ಯಪ್ಪಾ, ಯಪ್ಪಾ" ಎನ್ನುತ್ತಲೇ ಬಂದಳು. ನೂಲು ಬಡಿಯುವ ಹಣಿಗೆಯನ್ನು ಕಾಯಿಪಲ್ಲೆಯಾಕೆ ಮೆಂತ್ಯ ಸೊಪ್ಪಿನ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ತಂದಳು. ಓಣಿಯ ಗಂಡಸು ಒಬ್ಬ ಕಟ್ಟೆಯ ಮೇಲಿನಿಂದ, "ಏನ್ ಬೇ, ಹೆಣ ಹೊತಗೊಂಡು ಹೋದಂಗ ಹೊಂಟೀರಲ್ಲ!" ಎಂದ. "ಹೌದಪಾ, ನಿಮ್ಮ ಕಟ್ಟಳೀದು. ನಾಕು ಹೆಜ್ಜಿ ನೀನೂ ಹೆಗಲು ಕೊಡು ಬಾ," ಎಂದಳು ಕಾಯಿಪಲ್ಲೆಯಾಕೆ, ತಲೆ ತಿರುಗಿಸದೆ.

ಸಂಜೆ ನನ್ನ ಗಂಡ ಬಂದಾಗ ಪಡಸಾಲೆಯ ಹಾಸುಗಲ್ಲು ಎದ್ದು, ಮಣ್ಣು ಗುಡ್ಡೆ ಬಿದ್ದಿತ್ತು. ಹುಡುಗಿ ಸೊಂಟದ ತನಕ ಕುಣಿಯಲ್ಲಿ ನಿಂತು ಸಲಿಕೆ ಹಾಕುತ್ತಿದ್ದಳು, ನಾನು ಬುಟ್ಟಿ ತುಂಬುತ್ತಿದ್ದೆ.

"ಅವ್ವಾ, ಏನಿದು? ಮನಿ ನೆಲಾ ಅಗೀತೀರೇನು? ನಾಳಿ ಮಂದಿ ಏನಂದಾರು?"

"ಅಗದಾಗೇತಿ," ಎಂದರು ಅತ್ತೆಯವರು. "ಮಂದಿ ಏನಂತಾರ ಅನ್ನೂದನ್ನ ಕೇಳಿ ಬಾ, ಹೋಗು. ನಮಗೂ ಹೇಳು. ಕುರ್ಚಿ ಹೊರಗ ಐತಿ."

ನನ್ನ ಗಂಡ ಹೊರಗೆ ಕುರ್ಚಿಯ ಮೇಲೆ ಕೂತು ಪತ್ರಿಕೆ ಹಿಡಿದರು. ಕತ್ತಲಾಗುತ್ತ ಬಂದರೂ ಪುಟ ತಿರುವಲಿಲ್ಲ. ಆಮೇಲೆ ಚಹಾ ಕೊಡಲು ಹೋದಾಗ ಮೆಲ್ಲಗೆ ಕೇಳಿದರು: "ನೂಲು ಎಲ್ಲಿಂದ ತರ್ತೀರಿ?" ಅದು ನಮಗೂ ಗೊತ್ತಿರಲಿಲ್ಲ. ನಮ್ಮ ಓಣಿಯ ನೂಲಿನ ಸಾಹುಕಾರ ಕೊಡುವುದಿಲ್ಲ ಎಂದುಬಿಟ್ಟಿದ್ದ. ಕಡೆಗೆ ಹುಲಕೋಟಿಯ ನಾದಿನಿಗೆ ನನ್ನ ಗಂಡನೇ ಹೋಗಿ ಹೇಳಿದರು. ಆಕೆ ಅಲ್ಲಿಯವರಿಗೆ ಹೇಳಿ ನೂಲು ಕೊಡಿಸಿದಳು. ಪುರಾಣದ ಪುಸ್ತಕವನ್ನು ಮಾತ್ರ ಆಗಲೂ ಕಳಿಸಲಿಲ್ಲ.

ಭಾವ ಆ ರಾತ್ರಿಯೇ ಬರುತ್ತಾನೆಂದು ಕಾದೆವು. ಬರಲಿಲ್ಲ. ಅವನು ಸರಿಯಾಗಿ ಬರುವವನಿದ್ದ, ನೇಕಾರ ಹಿರಿಯರನ್ನು ಕೂಡಿಸಿಕೊಂಡು. ಅದಕ್ಕೆ ಕೆಲವು ದಿನ ಹಿಡಿಯಿತು. ಅಷ್ಟು ದಿನದಲ್ಲಿ ಹುಡುಗಿ ನಮ್ಮ ಹಿತ್ತಲಲ್ಲಿ ನೂಲು ಹಾಸಿದಳು, ಗಂಜಿ ಹಾಕಿದಳು, ಆ ಹಾಸನ್ನು ಎಳೆ ಎಳೆಯಾಗಿ ಮಗ್ಗಕ್ಕೆ ಏರಿಸಿದಳು. ನಮಗೆಲ್ಲ ಊಟ ತಿಂಡಿ ಬದಿಗೆ ಸರಿದು ಅದೇ ಕೆಲಸವಾಯಿತು. ನನ್ನ ಮಕ್ಕಳು ಶಾಲೆಗೆ ಹಸಿ ರೊಟ್ಟಿ ಒಯ್ದರು.

ಹಿರಿಯರು ಮೂರು ಜನ ಬಂದರು, ರುಮಾಲು ಸುತ್ತಿಕೊಂಡು, ಅವರ ಹಿಂದೆ ಭಾವ. ಹುಡುಗಿ ಕುಣಿಯಲ್ಲಿದ್ದಳು. ಲಾಳಿ ಓಡುತ್ತಿತ್ತು, ಒಂದು ಮೊಳದಷ್ಟು ಬಟ್ಟೆ ಆಗಿತ್ತು. ಅವರು ಬಂದರೆಂದು ಅವಳು ಕೈ ನಿಲ್ಲಿಸಿದಳು, ಏಳಲಿಲ್ಲ.

"ಏಳು ಮ್ಯಾಲೆ," ಎಂದ ಭಾವ. "ನಮ್ಮ ಮನಿ ಮಗ್ಗ, ನಾ ಒಯ್ಯಾಕ ಬಂದೀನಿ."

"ಮಗ್ಗ ಆಕಿ ಗಂಡಂದು," ಎಂದೆ ನಾನು.

"ಗಂಡ ಯಾರ ಮನ್ಯಾಂವರಿ ಅಕ್ಕಾರ?"

ವಾದ ಹೀಗೇ ಸುತ್ತಿತು. ಹಿರಿಯರಲ್ಲಿ ನಡುವಿನವರು ಎಲ್ಲವನ್ನೂ ಕೇಳಿ, ಮಗ್ಗ ಮನೆತನದ್ದು, ಮನೆಗೇ ಹೋಗಬೇಕು ಎಂದು ತೀರ್ಪು ಹೇಳಿದರು. ಅತ್ತೆಯವರು ಬಾಯಿ ತೆರೆಯುವಷ್ಟರಲ್ಲಿ ಕುಣಿಯೊಳಗಿಂದ ಹುಡುಗಿಯೇ ಮಾತಾಡಿದಳು.

"ಆತ್ರಿ ಅಜ್ಜಾರ, ನಿಮ್ಮ ಮಾತು ಮೀರೂದಿಲ್ಲ. ಆದ್ರ ಹಾಸು ಏರೇತಿ. ಹಾಸು ಇರೂ ಮಗ್ಗ ಕೀಳತಾರೇನ್ರಿ ನಮ್ಮಾಗ?"

ಮೂವರೂ ಮಗ್ಗದ ಕಡೆ ನೋಡಿದರು. ಬಿಗಿದು ನಿಂತ ಎಳೆಗಳ ಮೇಲೆ ಬೆಳಕು ಬಿದ್ದಿತ್ತು. ನೇಕಾರರಲ್ಲಿ, ಎಳೆ ಏರಿದ ಮಗ್ಗವನ್ನು ನಡುವೆ ಕತ್ತರಿಸಿ ಎತ್ತುವುದೆಂದರೆ ತಾಳಿ ಕಡಿದಷ್ಟು ಕೆಟ್ಟದ್ದು. ಅದನ್ನು ಮುರಿಯುವವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ನಡುವಿನ ಹಿರಿಯರು ಗಂಟಲು ಸರಿಮಾಡಿಕೊಂಡರು.

"ಕೀಳಬಾರದು," ಎಂದರು. "ಹಾಸು ಮುಗೀಲಿ. ಮುಗದ ಮ್ಯಾಲೆ ಇಂವ ಬಂದು ಒಯ್ಯಲಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

ಭಾವ ಒಪ್ಪಿದ. ಮೂರು ನಾಲ್ಕು ಸೀರೆಯಷ್ಟರ ಮಾತು ಎಂದುಕೊಂಡ. ಹೊರಡುವಾಗ ಆ ಹಿರಿಯರು ಹೊಸ್ತಿಲಲ್ಲಿ ತಿರುಗಿ ಕುಣಿಯ ಕಡೆ ಒಂದು ಸಲ ನೋಡಿದ್ದು ನನಗೆ ಆಗ ಅರ್ಥವಾಗಲಿಲ್ಲ. ಅವರು ಮುದುಕರು, ಹುಟ್ಟು ನೇಕಾರರು. ತಾವು ಏನು ಹೇಳಿ ಹೊರಟಿದ್ದೇವೆಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ?

ನನಗೆ ಗೊತ್ತಾದದ್ದು ಆ ಹಾಸಿನ ಕೊನೆ ಹತ್ತಿರ ಬಂದಾಗ. ನಾನು ಅಡಿಗೆ ಬಿಟ್ಟು ದಿನಾ ಹೋಗಿ ನೋಡುತ್ತಿದ್ದೆ, ಇನ್ನೆಷ್ಟು ಉಳಿಯಿತು, ಇನ್ನೆಷ್ಟು ಉಳಿಯಿತು ಎಂದು. ಒಂದು ಬೆಳಗ್ಗೆ ಮಗ್ಗದ ಸದ್ದಿಲ್ಲ. ಓಡಿ ಹೋದೆ. ಹುಡುಗಿ ಮಗ್ಗದ ಹಿಂದೆ ಕೂತಿದ್ದಳು. ಮಡಿಲಲ್ಲಿ ಹೊಸ ನೂಲಿನ ಹಾಸು. ಹಳೆಯ ಹಾಸಿನ ತುದಿ ಇನ್ನೂ ಮಗ್ಗದಲ್ಲೇ ಇರುವಾಗ, ಅದರ ಒಂದೊಂದು ಎಳೆಗೆ ಹೊಸದರ ಒಂದೊಂದು ಎಳೆ ಸೇರಿಸಿ, ಹೆಬ್ಬೆರಳಲ್ಲಿ ಬೂದಿ ಮುಟ್ಟಿಕೊಂಡು ಹೊಸೆಯುತ್ತಿದ್ದಳು. ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ನೇಕಾರರು ಎಲ್ಲರೂ ಮಾಡುವುದೇ. ಹಾಗೆ ಕೆಚ್ಚಿದರೆ ಮಗ್ಗ ಖಾಲಿಯೇ ಆಗುವುದಿಲ್ಲ.

"ಹಾಂಗಾದ್ರ ಇದು ಮುಗಿಯೂದಿಲ್ಲೇನ ತಂಗಿ?" ಎಂದೆ.

"ಮುಗಸಿದ್ರ ಮುಗೀತೈತ್ರಿ," ಎಂದಳು, ಎಳೆಯಿಂದ ಕಣ್ಣು ತೆಗೆಯದೆ.

ಆಮೇಲೆ ಅವಳ ನೇಯ್ಗೆಯ ಸೀರೆಗಳು ಲಕ್ಷ್ಮೇಶ್ವರದ ತನಕ ಹೋದವು. ಭಾವನ ಹೆಂಡತಿ ಮಧ್ಯಾಹ್ನ ಅರಿವೆ ಒಗೆಯುವ ನೆವ ಹೇಳಿ ಬಂದು ಕುಣಿಯ ಅಂಚಿನಲ್ಲಿ ಕಾಲಿಳಿಸಿ ಕೂರತೊಡಗಿದಳು. ನನ್ನನ್ನು ಮಾತ್ರ ಬೀಗರ ಮನೆಗಳಲ್ಲಿ, ಲಗ್ನದ ಪಂಕ್ತಿಗಳಲ್ಲಿ, ಹುಡುಗಿಯರ ತಲೆ ಕೆಡಿಸುವ ಪುಸ್ತಕ ಓದುವಾಕೆ ಎಂದು ಬೆರಳು ಮಾಡಿ ತೋರಿಸಿದರು. ಓದಿದ್ದು ಹೌದು. ಮರುವರ್ಷದ ಶ್ರಾವಣದಲ್ಲೂ ಓದಿದೆ. ಆ ವರ್ಷ ಕೇಳುವವರು ಪಡಸಾಲೆ ತುಂಬಿ ಕಟ್ಟೆಯ ತನಕ ಕೂತಿದ್ದರು.

ಭಾವ ಹಬ್ಬ ಹುಣ್ಣಿಮೆ ಮುಂದಿಟ್ಟುಕೊಂಡು ಬರುತ್ತಲೇ ಇದ್ದ. ಹಿರಿಯರ ಮಾತು, ಬಿಡುವ ಹಾಗಿಲ್ಲ. ಬಾಗಿಲಲ್ಲಿ ಚಪ್ಪಲಿ ಕಳಚಿ, ಒಳಗೆ ಬರದೆ, ಅಲ್ಲಿಂದಲೇ ಕೇಳುತ್ತಿದ್ದ.

"ಹಾಸು ಮುಗೀತೇನವಾ?"

"ಎಲ್ಲೀದ್ರಿ ಭಾವಾರ," ಎನ್ನುತ್ತಿದ್ದಳು ಅವಳು, ಲಾಳಿ ನಿಲ್ಲಿಸದೆ. "ನಿನ್ನೆ ಅಷ್ಟ ಹೊಸಾದು ಕೆಚ್ಚೀನಿ."